ಹುಂಜನ ಪಾಲಿನ ಬಣ್ಣ

ಇಪ್ಪತ್ತೆರಡು ವರ್ಷ ಒಂದೇ ಪಾಠ ಹೇಳಿದವನಿಗೆ ಆ ಪಾಠ ಗೊತ್ತಿರುತ್ತದೆ ಎಂಬುದು ಜನರ ಒಂದು ನಂಬಿಕೆ. ನನಗೂ ಆ ನಂಬಿಕೆ ಇತ್ತು. ಯಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಅನುವಂಶೀಯತೆಯ ಪಾಠ ಬಂತೆಂದರೆ ಪುಸ್ತಕ ಮುಚ್ಚಿಟ್ಟು, ಹಲಗೆಯ ಮೇಲೆ ಚೌಕ ಬರೆದು, ಎತ್ತರದ ಬಟಾಣಿ ಗಿಡ, ಗಿಡ್ಡ ಬಟಾಣಿ ಗಿಡ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದೆ ಎಂಬುದು ಈ ವರ್ಷ ತಿಳಿಯಿತು, ಅದೂ ಹಿತ್ತಲಿನ ಕಟ್ಟಿಗೆ ಕೊಟ್ಟಿಗೆಯಲ್ಲಿ.

ನಾವಿರುವುದು ಒಂದೇ ಗೋಡೆಗೆ ಬೆನ್ನು ಕೊಟ್ಟ ಎರಡು ಬಾಡಿಗೆ ಮನೆಗಳಲ್ಲೊಂದರಲ್ಲಿ. ಆಚೆ ಮನೆಯಲ್ಲಿ ಹಾಜಿರಾಬಿ, ಲಾರಿ ಓಡಿಸುವ ಅವರ ಗಂಡ, ಮತ್ತು ನನ್ನದೇ ತರಗತಿಯಲ್ಲಿ ಹತ್ತನೆಯದನ್ನು ಓದುವ ಮಗಳು ರುಕ್ಸಾನಾ. ಮನೆ ಎರಡಾದರೂ ಹಿತ್ತಲು ಒಂದೇ, ಕಟ್ಟಿಗೆ ಕೊಟ್ಟಿಗೆಯೂ ಒಂದೇ. ನನ್ನ ಹೆಂಡತಿ ಸುಶೀಲೆ ಬನವಾಸಿಯ ತವರಿನಿಂದ ಮೂರು ಕೆಂಪು ಹೇಂಟೆಗಳನ್ನು ತಂದಳು. ಹಾಜಿರಾಬಿಯ ಹತ್ತಿರ ಮೊದಲೇ ನಾಲ್ಕು ಕರಿಯವು ಇದ್ದವು. ಇಬ್ಬರೂ ಬೇರೆಬೇರೆ ಗೂಡು ಮಾಡಿ, ಹೊಟ್ಟು ಹಾಸಿ, ಬುಟ್ಟಿ ಇಟ್ಟು ಎಷ್ಟು ಉಪಚಾರ ಮಾಡಿದರೂ ಏಳೂ ಕೋಳಿಗಳು ಹೋಗಿ ಮೊಟ್ಟೆ ಇಡುವುದು ಕೊಟ್ಟಿಗೆಯ ಅದೇ ಮೂಲೆಯಲ್ಲಿ. ಯಾವುದು ಯಾರದು ಎಂಬ ಪ್ರಶ್ನೆ ಬಂದಾಗ ಪಂಚರಾಗಿ ನನ್ನನ್ನೇ ಕರೆದರು. ನಾನು ಎರಡು ದಿನ ಗಮನಿಸಿ, ಕೆಂಪು ಹೇಂಟೆಗಳದು ಕಂದು ಮೊಟ್ಟೆ, ಕರಿಯವುಗಳದು ಬಿಳಿ ಮೊಟ್ಟೆ, ಆದ್ದರಿಂದ ಕಂದೆಲ್ಲ ನಮ್ಮದು, ಬಿಳಿಯೆಲ್ಲ ನಿಮ್ಮದು ಎಂದು ತೀರ್ಪು ಕೊಟ್ಟೆ. ಬಣ್ಣ ವಂಶದಿಂದ ಬರುವುದು, ಅದು ಎಂದೂ ಸುಳ್ಳು ಹೇಳುವುದಿಲ್ಲ ಎಂಬ ಮಾತನ್ನೂ ಸೇರಿಸಿದೆ. ಕೇಳಿದವರು ಇಬ್ಬರೇ ಆದರೂ ಭಾಷಣದ ಧಾಟಿಯಲ್ಲೇ ಹೇಳಿದೆ, ಅದು ನನ್ನ ಚಾಳಿ.

ಹೋದ ವರ್ಷದವರೆಗೆ ಒಪ್ಪಂದ ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಕಾನಸೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ಗೆಳೆಯ ಮಂಜುನಾಥ ಒಂದು ಹುಂಜ ಕೊಟ್ಟ. ಎರಡೂ ಕೆನ್ನೆಗೆ ಗಡ್ಡದಂಥ ಪುಕ್ಕ, ಠೀವಿಯ ನಡಿಗೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು, ಅದು ಬೇರೆ ಮಾತು. ಹುಂಜನಿಗೆ ಗೋಡೆ, ಒಪ್ಪಂದ ಯಾವುದೂ ಗೊತ್ತಿರಲಿಲ್ಲ. ಎರಡೂ ಮನೆಯ ಹೇಂಟೆಗಳು ಕಾವಿಗೆ ಕೂತು ಮರಿ ಮಾಡಿದವು. ಮರಿಗಳು ಬೆಳೆದು ಈ ಚೌತಿಯ ಹೊತ್ತಿಗೆ ಮೊಟ್ಟೆ ಇಡತೊಡಗಿದವು. ನಮ್ಮ ಬುಟ್ಟಿ ತುಂಬಿ ತುಳುಕಿತು. ಹಾಜಿರಾಬಿಯ ಬುಟ್ಟಿಯಲ್ಲಿ ಬಿಳಿ ಮೊಟ್ಟೆ ಹುಡುಕಬೇಕಾಯಿತು. ನಾನು ಗೋಡೆಯ ಈಚೆ ನಿಂತು, ನಿಮ್ಮ ಕೋಳಿಗಳಿಗೆ ಸುಣ್ಣದ ಅಂಶ ಕಡಿಮೆ, ಕಾಳು ಸಾಲುವುದಿಲ್ಲ ಎಂದು ಉಪದೇಶ ಮಾಡಿದೆ. ಅವರು ತಲೆಯಾಡಿಸಿದರು. ನಾನು ಒಳಗೆ ಬಂದು ಎರಡು ಮೊಟ್ಟೆಯ ಆಮ್ಲೆಟ್ ತಿಂದೆ.

ಒಂದು ಭಾನುವಾರ ಬೆಳಿಗ್ಗೆ ಸುಶೀಲೆ ಕೊಟ್ಟಿಗೆಯಿಂದ ಬರಿಗೈಯಲ್ಲಿ ಬಂದು ಆ ಕಡೆ ಕೈ ತೋರಿಸಿದಳು. ಹೋಗಿ ನೋಡಿ ನಾನೂ ಬೆಚ್ಚಿದೆ. ಕಂದು ಮೊಟ್ಟೆಗಳ ನಡುವೆ ಒಂದು ತಿಳಿನೀಲಿ, ಇನ್ನೊಂದು ಹಸಿರು. ಬಳಿದದ್ದಿರಬೇಕೆಂದು ಒದ್ದೆ ಬಟ್ಟೆಯಿಂದ ಉಜ್ಜಿದೆ, ಬಣ್ಣ ಬಿಡಲಿಲ್ಲ. ನೀಲಿಯದನ್ನು ಒಡೆದೆ. ಕಂದು ಮೊಟ್ಟೆಯ ಓಡು ಒಳಗೆ ಬೆಳ್ಳಗಿರುತ್ತದೆ, ಇದು ಒಳಗೂ ನೀಲಿ! ಮೊಟ್ಟೆಯ ಮೇಲೆ ಏನೇನೋ ಬರೆದಿಟ್ಟು ಮಾಟ ಮಾಡುತ್ತಾರೆಂದು ಎರಡೂ ಮನೆಯ ಹೆಂಗಸರು ಕೇಳಿ ಬಲ್ಲರು. ಇವಳು ಅವರನ್ನು ಕೇಳಲಿಲ್ಲ, ಅವರು ಇವಳನ್ನು ಕೇಳಲಿಲ್ಲ. ಒಂದೇ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಇಬ್ಬರೂ ಎರಡು ದಿನ ಹೊತ್ತು ನೋಡಿ, ಒಬ್ಬರು ಎದ್ದ ಮೇಲೆ ಇನ್ನೊಬ್ಬರು ಹೋಗತೊಡಗಿದರು. ಅದನ್ನು ನೋಡಿ ನನಗೆ ನಿಜವಾಗಿ ಸಂಕಟವಾಯಿತು.

ಮೂರನೆಯ ದಿನ ರಜೆ ಹಾಕಿ ಕೊಟ್ಟಿಗೆಯ ಮುಂದೆ ಮಣೆ ಹಾಕಿಕೊಂಡು ಕೂತೆ. ಹಸಿರು ಮೊಟ್ಟೆ ಇಟ್ಟದ್ದು ನಮ್ಮ ಕೆಂಪು ಹೇಂಟೆಯ ಮಗಳು. ನೀಲಿಯದು ಹಾಜಿರಾಬಿಯ ಕರಿ ಹೇಂಟೆಯ ಮಗಳದು. ಕೂಡಲೇ ಮಂಜುನಾಥನಿಗೆ ಫೋನ್ ಮಾಡಿದೆ. "ನಿಂಗೆ ಹೇಳ್ಲಿಲ್ವನಾ ಮಾರಾಯ? ಅದ್ರ ಅವ್ವ ಇಡೋದೇ ನೀಲಿ ಮೊಟ್ಟೆ. ಅಪ್ಪನ ಕಡೆಯವು ಕಂದು" ಎಂದು ಅವನು ತಣ್ಣಗೆ ಹೇಳಿ, ಗಿರಾಕಿ ಬಂದರೆಂದು ಫೋನ್ ಇಟ್ಟ. ಜನ್ಮದಲ್ಲಿ ಒಂದು ಮೊಟ್ಟೆ ಇಡದ ಹುಂಜ, ತನ್ನ ತಾಯಿಯ ಮೊಟ್ಟೆಯ ಬಣ್ಣವನ್ನು ಮೈಯೊಳಗೆ ಹೊತ್ತು ತಂದು ಮಗಳಂದಿರಿಗೆ ದಾಟಿಸಿದೆ! ಹಳೆಯ ಲೆಕ್ಕದ ಹಾಳೆಯ ಹಿಂದೆ ನನ್ನ ಪ್ರಸಿದ್ಧ ಚೌಕವನ್ನು ಬರೆದೆ. ನೀಲಿ ಪ್ರಬಲ ಗುಣ, ಅರ್ಧ ಮಗಳಂದಿರಿಗೆ ಬರುತ್ತದೆ. ಅದರ ಮೇಲೆ ಕಂದು ಕೂತರೆ ಹಸಿರಾಗಿ ಕಾಣುತ್ತದೆ. ಸರಿ, ಹಾಗಾದರೆ ಉಳಿದರ್ಧ? ಹುಂಜನ ಅಪ್ಪನ ಕಡೆಯದು ಕಂದು ಮೊಟ್ಟೆಯ ವಂಶ. ಆ ಕಂದು ಕೂಡ ಮಗಳಂದಿರಿಗೆ ಇಳಿದಿರಬೇಕು. ಕರಿ ಹೇಂಟೆಯ ಮಗಳಂದಿರಿಗೂ.

ಚೌತಿಯಿಂದ ನಮ್ಮ ಬುಟ್ಟಿ ತುಂಬಿದ್ದು ಯಾರ ಮೊಟ್ಟೆಗಳಿಂದ ಎಂದು ಆಗ ಹೊಳೆಯಿತು. ಸುಶೀಲೆಗೆ ಚೌಕ ತೋರಿಸಿ ವಿವರಿಸಿದೆ. ಅವಳು ಚೌಕವನ್ನು ನೋಡಲೂ ಇಲ್ಲ. "ಅಂದ್ರ ಇಷ್ಟು ದಿನ ನಾವು ಅವ್ರ ಮೊಟ್ಟಿ ಕದ್ದು ತಿಂದ್ವಿ ಅಂದಂಗಾತು" ಎಂದಳು. ವಿಜ್ಞಾನವನ್ನು ಇಷ್ಟು ಸಣ್ಣ ಮಾತಿನಲ್ಲಿ ಹೇಳಬಹುದೆಂದು ನನಗೆ ತಿಳಿದಿರಲಿಲ್ಲ.

ಸಂಜೆ ಇಬ್ಬರೂ ಬುಟ್ಟಿ ಹಿಡಿದು ಆಚೆ ಮನೆಗೆ ಹೋದೆವು. ಮಾಟವಲ್ಲ, ಹುಂಜನ ಕೆಲಸ ಎಂದು ಶುರುಮಾಡಿ, ಕೊನೆಗೆ ತಪ್ಪೊಪ್ಪಿಕೊಂಡು ಬುಟ್ಟಿಯನ್ನು ಅವರ ಮುಂದಿಟ್ಟೆ. ಹಾಜಿರಾಬಿ ಚಹಾ ಮುಂದಿಟ್ಟು ಹೇಳಿದರು: "ನೀಲಿದು ನೋಡಿ ನಾನೂ ಹೆದರಿದ್ದೆ ಮಾಸ್ತರೇ. ಆದ್ರ ಕಂದು ಮೊಟ್ಟಿ ನಮ್ಮ ಕೋಳಿನೂ ಇಡ್ತಾವು ಅನ್ನೂದು ಮೊದ್ಲೇ ಗೊತ್ತಿತ್ತು. ಕಣ್ಣಾರೆ ನೋಡೀನಿ." ಮತ್ತೆ ಯಾಕೆ ಹೇಳಲಿಲ್ಲ ಎಂದೆ. ಅವರು ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ರುಕ್ಸಾನಾ ನಿಮ್ಮ ಕ್ಲಾಸಿನಾಗ ಅದಾಳಲ್ರಿ. ಹುಂಜನ ಕಡಿಂದನೂ ಬಣ್ಣ ಬರ್ತದೇನು ಅಂತ ಒಮ್ಮೆ ಕೇಳಿದ್ಲಂತ. ಹುಂಜ ಮೊಟ್ಟಿ ಇಡ್ತದೇನಮ್ಮಾ, ಕೂತ್ಕೋ ಅಂತ ನೀವು ಅಂದ್ರಂತ. ಎಲ್ಲಾರೂ ನಕ್ರಂತ. ಆಮ್ಯಾಲೆ ನಾವ್ಯಾಕ ಮಾತಾಡೂದು ಅಂತ ಸುಮ್ನಾದ್ವಿ."

ಈ ಮಾತಿನ ಮುಂದೆ, ನೀಲಿ ಮೊಟ್ಟೆ ಕಂಡಾಗ ಆದದ್ದು ಆಘಾತವೇ ಅಲ್ಲ. ಆ ದಿನ ನನಗೆ ನೆನಪಿತ್ತು. ಮೊದಲು ನಕ್ಕವನು ನಾನೇ. ನನ್ನನ್ನು ಕಂಡರೆ ಬೆಕ್ಕೂ ಹೆದರುವುದಿಲ್ಲ ಎಂದುಕೊಂಡಿದ್ದವನಿಗೆ, ಗೋಡೆಯಾಚೆ ಒಂದು ಮನೆ ನನಗೆ ಹೆದರಿ ತನ್ನ ಮೊಟ್ಟೆಗಳನ್ನು ಬಿಟ್ಟುಕೊಟ್ಟಿತ್ತು ಎಂಬುದನ್ನು ನುಂಗಲಾಗಲಿಲ್ಲ. ಚಹಾ ಆರಿಹೋಯಿತು.

ಮರುದಿನ ತರಗತಿಯಲ್ಲಿ, ರುಕ್ಸಾನಾಳ ಪ್ರಶ್ನೆಯೇ ಸರಿ, ನನ್ನ ನಗುವೇ ತಪ್ಪು ಎಂದು ಹೇಳಿದೆ. ಯಾರೂ ನಗಲಿಲ್ಲ, ಹುಡುಗರು ಗಾಬರಿಯಾದಂತೆ ಕಂಡರು. ಹಳೆಯ ತೀರ್ಪು ರದ್ದಾಗಿ, ಹೆಂಗಸರಿಬ್ಬರೂ ಮತ್ತೆ ಒಂದೇ ಕಲ್ಲಿಗೆ ಬಂದು, ಮೊಟ್ಟೆಯ ಪಂಚಾಯ್ತಿಕೆ ಈಗ ರುಕ್ಸಾನಾಳ ಕೈಗೆ ಹೋಗಿದೆ. ಮೊನ್ನೆ ಅವಳು ಎರಡು ಕಂದು ಮೊಟ್ಟೆಗಳನ್ನು ಅಂಗೈಯಲ್ಲಿಟ್ಟುಕೊಂಡು, ಇದು ನಿಮ್ಮದು, ಇದು ನಮ್ಮದು ಎಂದು ಬೇರೆ ಮಾಡಿದಳು. ನನ್ನ ಕಣ್ಣಿಗೆ ಎರಡೂ ಒಂದೇ. ಹೇಗೆ ಗೊತ್ತಾಯಿತೆಂದು ಕೇಳಿದೆ.

"ಕೂತ್ಕೊಳ್ಳಿ ಸರ್, ಹೇಳ್ತೇನೆ" ಎಂದಳು.

ಕೂತೆ.