ಶೇಷಪ್ಪನ ಸಹಿ

ನಾನೊಬ್ಬ ರೈಟರ್ ಎಂದು ಹೇಳಿಕೊಂಡರೆ ಬೆಂಗಳೂರಿನವರು ಎದ್ದು ಕುರ್ಚಿ ಕೊಡುತ್ತಾರೆ. ಕೊಡಗಿನವರು ಇವತ್ತು ಎಷ್ಟು ಆಳು ಬಂದಿದ್ದಾರೆ ಎಂದು ಕೇಳುತ್ತಾರೆ. ನಮ್ಮ ಕಡೆ ರೈಟರ್ ಎಂದರೆ ಕಾಫಿ ಎಸ್ಟೇಟಿನ ಗುಮಾಸ್ತ. ಬೆಳಿಗ್ಗೆ ಆಳುಗಳ ಮನೆಸಾಲಾದ ಲೈನಿನ ಮುಂದೆ ನಿಂತು ಹಾಜರಿ ಕೂಗುವುದು, ಯಾರು ಪಿಕ್ಕಿಂಗಿಗೆ, ಯಾರು ಕಳೆ ಕೀಳಲು ಎಂದು ಬರೆದುಕೊಳ್ಳುವುದು, ಮಳೆಗಾಲದಲ್ಲಿ ನಿನ್ನೆ ಎಷ್ಟು ಇಂಚು ಸುರಿಯಿತೆಂದು ಅಳೆದು ಗುರುತು ಹಾಕುವುದು, ಇಷ್ಟೇ ನನ್ನ ಸಾಹಿತ್ಯ. ತಿತಿಮತಿಯ ಹತ್ತಿರ, ಕಾಡಿನ ಅಂಚಿನ ತೋಟವೊಂದರಲ್ಲಿ ಇಂಥ ಸಾಹಿತ್ಯ ರಚಿಸುತ್ತ ಕೂತಿದ್ದ ನನಗೆ ನನ್ನ ಬರವಣಿಗೆಯ ಮೇಲೆ ಬೇಕಾದಷ್ಟು ಗೌರವವಿತ್ತು. ಅದನ್ನು ಕೆಳಗಿಳಿಸಿದವರು ನನ್ನ ಅತ್ತೆ. ಅವರಿಗೆ ಓದಲು ಬರೆಯಲು ಬಾರದು.

ಅತ್ತೆ ಕರಿಕೆ ಎಂಬ ಊರಿನವರು. ಮಗಳ ಬಾಣಂತನಕ್ಕೆಂದು ಬಂದವರು, ಮಗು ನಡೆಯಲು ಕಲಿತರೂ ಹೊರಡಲಿಲ್ಲ. ಅವರನ್ನು ಹಿಡಿದು ನಿಲ್ಲಿಸಿದ್ದು ಮೊಮ್ಮಗುವಿನ ಮೇಲಿನ ಪ್ರೀತಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಿಜವಾಗಿ ನಿಲ್ಲಿಸಿದ್ದು ವಾರಪತ್ರಿಕೆಯ ಧಾರಾವಾಹಿ. ಒಂದು ಭಾನುವಾರ ಮಧ್ಯಾಹ್ನ ಹೊತ್ತು ಹೋಗದೆ ನಾನು ಜಗಲಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಮುಂದಿನ ಭಾನುವಾರ ಅತ್ತೆ ಊಟದ ಎಲೆ ತೆಗೆಯುವ ಮೊದಲೇ ಚಾಪೆ ಹಾಸಿ ಕೂತಿದ್ದರು. ಅದರ ಮುಂದಿನ ವಾರ ಲೈನಿನ ಹೆಂಗಸರು ಬಂದರು. ಗೇಟಿನ ಹತ್ತಿರ ಅಂಗಡಿ ಇಟ್ಟಿದ್ದ ಪಾತುಮ್ಮ ಅಂಗಡಿ ಮುಚ್ಚಿಯೇ ಬಂದಳು. ನಾನು ಪುಸ್ತಕದ ಕನ್ನಡದಲ್ಲಿ ಓದುವುದು, ಅತ್ತೆ ಅದನ್ನು ತಮ್ಮ ಮನೆಮಾತು ಅರೆಭಾಷೆಗೆ ಇಳಿಸುವುದು, ಪಾತುಮ್ಮ ಮಲಯಾಳಕ್ಕೆ ಹಾಕುವುದು, ಹಿಂದಿನ ಸಾಲಿನಲ್ಲಿ ಯಾರೋ ತಮಿಳಿನಲ್ಲಿ ಅಳುವುದು, ಹೀಗೆ ಕಥಾನಾಯಕಿ ಮಂದಾಕಿನಿ ನಾಲ್ಕು ಭಾಷೆಗಳಲ್ಲಿ ಒಟ್ಟಿಗೆ ಕಷ್ಟಪಡುತ್ತಿದ್ದಳು. ಆಕೆ ಮೂರು ವಾರ ರೈಲ್ವೆ ಸ್ಟೇಷನ್ನಿನಲ್ಲಿ ಒಡೆಯದ ಕಾಗದ ಹಿಡಿದು ನಿಂತಿದ್ದಳು. ಕೊಡಗಿಗೆ ರೈಲೇ ಇಲ್ಲ. ಆ ಜಗಲಿಯಲ್ಲಿದ್ದವರಲ್ಲಿ ರೈಲು ಕಂಡವನು ನಾನೊಬ್ಬನೇ. ಆದರೂ ಅದು ತಡವಾಗಿ ಬಂದದ್ದಕ್ಕೆ ಎಲ್ಲರೂ ಅದನ್ನು ಬೈದರು.

ಇಲ್ಲಿ ಒಂದು ಎಡವಟ್ಟನ್ನು ಒಪ್ಪಿಕೊಳ್ಳಬೇಕು. ಕತೆ ಶುರುಮಾಡಲು ಎಲ್ಲರೂ ಅವಸರಪಡಿಸುತ್ತಿದ್ದರಲ್ಲ, ಮೇಲೆ ಬಳ್ಳಿ ಅಕ್ಷರದಲ್ಲಿ ಅಚ್ಚಾಗಿದ್ದ ಲೇಖಕರ ಹೆಸರನ್ನು ನಾನು ಓದುತ್ತಲೇ ಇರಲಿಲ್ಲ. ಆದರೆ ಕೊನೆಗೆ, ಕತೆ ಇನ್ನೂ ಉಳಿದಿದೆ ಎಂದು ತಿಳಿಸಲು ಅಚ್ಚು ಹಾಕುವ ‘ಸಶೇಷ’ ಎಂಬ ಮಾತನ್ನು ಮಾತ್ರ ಬಿಡದೆ, ಸ್ವಲ್ಪ ರಾಗ ಎಳೆದೇ ಓದುತ್ತಿದ್ದೆ. ನಾಲ್ಕೈದು ವಾರ ಕಳೆದ ಮೇಲೆ ಅತ್ತೆ ಕೇಳಿದರು: “ಅಲ್ಲ ರೈಟರೇ, ಈ ಶೇಷಪ್ಪ ಯಾವ ಎಸ್ಟೇಟಿನ ರೈಟರ್?” ಅಳಿಯನ ಹೆಸರು ಹಿಡಿದು ಕರೆಯಬಾರದೆಂದು ಅವರು ನನ್ನನ್ನೂ ರೈಟರೇ ಎಂದೇ ಕರೆಯುತ್ತಿದ್ದರು. ಅದು ಹೆಸರಲ್ಲ ಅತ್ತೆ, ಕತೆ ಮುಗಿದಿಲ್ಲ ಎಂದು ಅರ್ಥ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. “ಕಾಗದದ ಕೆಳಗೆ ಹೆಸರಲ್ಲದೆ ಮತ್ತೆಂತ ಬರೀತಾವೆ? ನೀವೇ ಎಷ್ಟು ಕಾಗದ ಓದಿ ಹೇಳಿಯೊಳರಿ!” ನಮ್ಮಲ್ಲಿ ಮನೆಗೊಬ್ಬ ಶೇಷಪ್ಪ ಇರುವಾಗ ಬೆಂಗಳೂರಿನಲ್ಲೂ ಒಬ್ಬ ಇರಬಾರದೇ? ಒಂದೇ ತಿಂಗಳಲ್ಲಿ ಆತ ಭಾಗಮಂಡಲದ ಕಡೆಯವನೆಂದೂ ಹೆಂಡತಿ ಕಳಕೊಂಡವನೆಂದೂ ಇಡೀ ಲೈನಿಗೆ ಗೊತ್ತಾಯಿತು. ನಾನು ತಿದ್ದುವುದನ್ನು ಬಿಟ್ಟೆ.

ಆಮೇಲೆ ಕಕ್ಕಡ ಬಂತು. ಬಸ್ಸು ನಿಲ್ಲುವ ರಸ್ತೆಗೂ ನಮ್ಮ ತೋಟಕ್ಕೂ ನಡುವೆ ತೋಡು ಎಂದು ನಾವು ಕರೆಯುವ ಒಂದು ಹಳ್ಳ ಇದೆ. ಬೇಸಿಗೆಯಲ್ಲಿ ಕಾಲು ಒದ್ದೆಯಾಗದೆ ದಾಟಬಹುದು. ಕಕ್ಕಡ ತಿಂಗಳ ಮಳೆಯಲ್ಲಿ ಅದನ್ನು ದಾಟುವ ಬಿದಿರಿನ ಪಾಲ, ನಿಮ್ಮ ಮಾತಿನಲ್ಲಿ ಸೇತುವೆ, ಕೊಚ್ಚಿಹೋಗುತ್ತದೆ, ಟಪ್ಪಾಲು ಆಚೆಯೇ ನಿಲ್ಲುತ್ತದೆ. ಅಕ್ಕಿ, ಉಪ್ಪು, ಸೀಮೆಎಣ್ಣೆ ಎಲ್ಲ ಮೊದಲೇ ತುಂಬಿಸಿಟ್ಟಿದ್ದೆವು. ಮಂದಾಕಿನಿಯನ್ನು ತುಂಬಿಸಿಡಲು ಆಗುವುದಿಲ್ಲವಲ್ಲ. ಆ ವರ್ಷ ಏಳು ವಾರ ಪತ್ರಿಕೆ ಬರಲಿಲ್ಲ, ಆ ಏಳು ಸಂಚಿಕೆಗಳು ಅಂಚೆಯವರ ಕೈಯಲ್ಲಿ ನೆನೆದು ಮುದ್ದೆಯಾದವು. ನೀರು ಇಳಿದು ಎಂಟನೆಯದು ಕೈಗೆ ಬಂದಾಗ ಮಂದಾಕಿನಿಯ ತೋಳಲ್ಲಿ ಒಂದು ಮಗು ಇತ್ತು.

“ಯಾರ್ದು?” ಎಂದರು ಅತ್ತೆ. ನನಗೂ ಗೊತ್ತಿರಲಿಲ್ಲ. ಅತ್ತೆ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಅವರ ಸಂಕಟ ನೋಡಲಾರದೆ ನಾನು ಹಳೆಯ ಸಂಚಿಕೆ ಸಿಕ್ಕಿತೆಂದು ಸುಳ್ಳು ಹೇಳಿ, ನಡುವಿನ ಒಂದು ಕಂತನ್ನು ನಾನೇ ಬರೆದು ಓದಿದೆ. ಮಂದಾಕಿನಿಗೆ ಮದುವೆ ಮಾಡಿಸಿ, ಎಲ್ಲ ನೆಂಟರನ್ನೂ ಕರೆಸಿ, ಯಾರಿಗೂ ಬೇಸರವಾಗದಂತೆ ಊಟ ಹಾಕಿಸಿದ್ದೆ. ಅತ್ತೆ ಅರ್ಧಕ್ಕೇ ಕೈ ಎತ್ತಿ ತಡೆದರು.

“ಇದು ಶೇಷಪ್ಪ ಬರ್ದದ್ದ್ ಅಲ್ಲ. ಇದರ್ಲಿ ಎಲ್ಲವೂ ಹಾಜರಿಗೆ ಬಂದಂಗೆ ಬರ್ತಾವೆ. ಕರ್ದರೆ ಬಂದೊ, ನಿಂತೊ, ಹೋದೊ.”

ನನ್ನ ಬರವಣಿಗೆಯ ಬಗ್ಗೆ ಅದಕ್ಕಿಂತ ನಿಜವಾದ ಮಾತನ್ನು ಇವತ್ತಿನವರೆಗೆ ಯಾರೂ ಹೇಳಿಲ್ಲ. ನಾಚಿಕೆಯೂ ಆಯಿತು, ಬೆರಗೂ ಆಯಿತು. ಅಕ್ಷರ ಬಾರದ ಒಬ್ಬ ಹೆಂಗಸು ಒಂದು ಪುಟ ಕೇಳಿ ಬರೆದವನ ಕಸುಬನ್ನು ಕಂಡುಹಿಡಿಯುವುದೆಂದರೆ ಏನು! ಆ ದಿನದಿಂದ ಅತ್ತೆಯ ಬಾಯಲ್ಲಿ ಒಂದೇ ಮಾತು: ಬರುವ ಕಕ್ಕಡದೊಳಗೆ ತೋಡಿಗೆ ಗಟ್ಟಿ ಪಾಲ ಆಗಬೇಕು. ಇನ್ನೊಂದು ಮಳೆಗಾಲ ಮಂದಾಕಿನಿಯನ್ನು ಆಚೆ ದಡದಲ್ಲಿ ಬಿಡಲು ಅವರು ತಯಾರಿರಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೊದಲಾದರೆ ನಮ್ಮ ಸರ್ಕಾರ ಮಡಿಕೇರಿಯಲ್ಲೇ ಇತ್ತು, ಕೋಪ ಬಂದರೆ ಬಸ್ಸು ಹತ್ತಿ ಹೋಗಿ ಬೈದು ಸಂಜೆಗೆ ಮನೆಗೆ ಬರಬಹುದಿತ್ತು. ಈಗ ಅದು ಬೆಂಗಳೂರಿಗೆ ಹೋಗಿತ್ತು. ನಮ್ಮ ತೋಟದ ಸಾಹುಕಾರರು ಕೊಡೆ ಗುರುತಿನ ಅಭ್ಯರ್ಥಿಯ ಕಡೆ. ಒಂದು ದಿನ ನನ್ನನ್ನು ಬಂಗಲೆಗೆ ಕರೆಸಿದರು. “ರೈಟರೇ, ನಮ್ಮವರು ಒಳ್ಳೆಯವರು, ಆದ್ರೆ ಮೈಕಿನ ಮುಂದೆ ನಾಲಿಗೆ ಹೊರಳೋದಿಲ್ಲ. ಬರ್ದು ಕೊಟ್ರೆ ಚೆನ್ನಾಗಿ ಓದ್ತಾರೆ. ಭಾನುವಾರ ತಿತಿಮತಿ ಸಭೆಗೆ ಒಂದು ಭಾಷಣ ಬರ್ದುಕೊಡಿ. ನೀವು ಹೇಗೂ ರೈಟರ್ ಅಲ್ವಾ?” ಆ ಕೊನೆಯ ಮಾತು ನನ್ನ ತಲೆಗೇರಿತು. ಮೂರು ದಿನ ಕೂತು ಬರೆದೆ. ಪಾಲ, ರಸ್ತೆ, ಆಸ್ಪತ್ರೆ, ಶಾಲೆ, ಮೆಣಸಿಗೆ ಬೆಲೆ, ಆನೆಗಳಿಗೆ ಬುದ್ಧಿ, ಒಂದನ್ನೂ ಬಿಡಲಿಲ್ಲ. ಜಗಲಿಯಲ್ಲಿ ನಿಂತು ಅತ್ತೆಗೆ ಓದಿ ತೋರಿಸಿದೆ.

ಅತ್ತೆ ಎಲೆಯಡಿಕೆ ಜಗಿಯುತ್ತ ಪೂರ್ತಿ ಕೇಳಿದರು. “ಒಂದೇ ವಾರಲಿ ಎಲ್ಲ ಮುಗ್ಸಿಬುಟ್ರೆ ಮುಂದಿನ ವಾರ ಕೇಳಿಕೆ ಯಾರ್ ಬರ್ತಾರೆ?” ಎಂದರು. ಆಮೇಲೆ ಅವರು ಚುನಾವಣೆಯ ಬಗ್ಗೆ ಹೇಳಿದ್ದನ್ನು ಯಾವ ಪೇಪರಿನಲ್ಲೂ ನಾನು ಓದಿಲ್ಲ. ಕೊಡೆಗೆ ಎದುರು ನಿಂತ ಏಣಿ ಗುರುತಿನವನು ಮೊದಲ ಕಂತಿಗೂ ಕೊನೆಯ ಕಂತಿಗೂ ಮಾತ್ರ ಬರುವ ದೊಡ್ಡಪ್ಪನ ಹಾಗೆ. ನಡುವೆ ಅವನಿಲ್ಲದೆ ಕತೆ ನಡೆದಿದೆ, ಆದ್ದರಿಂದ ಅವನು ಬೇಡವೇ ಬೇಡ. ಕೊಡೆಯವನು ಪಾಪದವನು, ಆದರೆ ಅವನಿಗೆ ಕಷ್ಟವೇ ಇಲ್ಲ. ಕಷ್ಟವಿಲ್ಲದವನನ್ನು ಯಾರು ನೆನಪಿಡುತ್ತಾರೆ? “ಶೇಷಪ್ಪನ ನೋಡಿ. ಅಂವ ಒಂದೇ ಕಾಗದನ ಮೂರು ವಾರ ಒಡೀದೆ ಇಸಿಯೊಳ. ಹತ್ತು ಕಾಗದ ಬರ್ಸಿತ್ಲೆ. ನೀವೂ ಒಂದೇ ಹಿಡ್ಕಣಿ. ಪಾಲ.”

ಹೇಳಿ ಸುಮ್ಮನಾಗಲಿಲ್ಲ, ಹೇಳಿಬರೆಸಿದರು. ಅವರು ಹುಡುಗಿಯಾಗಿದ್ದಾಗ ಕರಿಕೆಯ ಹೊಳೆಯಲ್ಲಿ ಹೀಗೇ ನೀರು ಬಂದಿತ್ತಂತೆ. ಆಚೆ ದಡದಲ್ಲಿ ಟಪ್ಪಾಲಿನವನು ಬಂದು ನಿಂತು ಅವರ ಮನೆಯ ಹೆಸರು ಕೂಗಿ, ಒಂದು ಕಾಗದವನ್ನು ಎತ್ತಿ ತೋರಿಸಿದನಂತೆ. ಈಚೆ ದಡದಲ್ಲಿ ಮಳೆಗೆ ಎಲೆಯ ಗೊರಗ ಹೊದ್ದು ಇವರು, ಇವರ ತಾಯಿ. ಕಾಗದ ಕಾಣುತ್ತದೆ, ಕೈಗೆ ಬರುವುದಿಲ್ಲ. ತಾಯಿ ಅಳಲು ಶುರುಮಾಡಿದರಂತೆ. ಟಪ್ಪಾಲಿನವನು ಚೀಲವನ್ನು ತಲೆಗೆ ಕಟ್ಟಿಕೊಂಡು ನೀರಿಗೆ ಕಾಲಿಟ್ಟ. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಅಷ್ಟು ಹೇಳಿ ಅತ್ತೆ ಎದ್ದು ಅಡಿಗೆಮನೆಗೆ ಹೊರಟರು. ನನ್ನ ಪೆನ್ನು ಗಾಳಿಯಲ್ಲೇ ನಿಂತಿತ್ತು. “ಮತ್ತೆ ಎಂತ ಆತ್ ಅತ್ತೆ?” ಎಂದು ಕೂಗಿದೆ. “ಪಾಲ ಆಗ್ಲಿ, ಹೇಳ್ನೆ,” ಎಂದರು.

ಅದನ್ನೇ ಅಂದವಾಗಿ ಪ್ರತಿಮಾಡಿದೆ. ಸೊಂಟ ಮುಳುಗಿದಲ್ಲಿಗೆ ಬಂದಾಗ, ಭಾನುವಾರದಿಂದ ಭಾನುವಾರಕ್ಕೆ ಓದಿ ಓದಿ ಕೈಗೂ ರೂಢಿಯಾಗಿತ್ತೋ ಏನೋ, ಕೆಳಗೆ ‘ಸಶೇಷ’ ಎಂದು ಬರೆದುಬಿಟ್ಟಿದ್ದೆ. ನನಗೆ ಅದು ಗೊತ್ತಾದದ್ದು ಸಭೆಯಲ್ಲಿ. ಕೊಡೆಯವರು ಕನ್ನಡಕ ಹಾಕಿಕೊಂಡು, ಬರೆದದ್ದೆಲ್ಲವನ್ನೂ ಓದಿದರು. ‘ಇಲ್ಲಿ ಸ್ವಲ್ಪ ನಿಲ್ಲಿಸುವುದು’ ಎಂದು ಅಂಚಿನಲ್ಲಿ ಬರೆದಿದ್ದನ್ನೂ ನಿಲ್ಲಿಸದೆ ಓದಿದರು. ಆದರೂ ಜನ ನಗಲಿಲ್ಲ. ನೀರು ಟಪ್ಪಾಲಿನವನ ಸೊಂಟಕ್ಕೆ ಬರುವಾಗ ಇಡೀ ಮೈದಾನ ಉಸಿರು ಹಿಡಿದಿತ್ತು. ಕೊಡೆಯವರು ಕಾಗದ ಮಡಚುತ್ತ, ಗಂಭೀರವಾಗಿ, ಮೈಕಿನಲ್ಲಿ ಹೇಳಿದರು: “ಸಶೇಷ.”

ಸಾಹುಕಾರರು ತಿರುಗಿ ನನ್ನನ್ನು ನೋಡಿದರು. ಕೆಲಸ ಹೋಯಿತೆಂದೇ ತಿಳಿದೆ. ಅಷ್ಟರಲ್ಲಿ ಪಾತುಮ್ಮ ಎದ್ದು ನಿಂತು ಕೂಗಿದಳು: “ಅಲ್ಲಾ! ಇದ್ ನಮ್ಮಡೆ ಶೇಷಪ್ಪ ಎಳ್ದಿಯದಾಣ್!” ಲೈನಿನವರೆಲ್ಲ ಎದ್ದರು. ಶೇಷಪ್ಪ ಕೊಡೆಯ ಕಡೆಗೆ ಬರೆದಿದ್ದಾನೆ! ಮಂದಾಕಿನಿಯ ಶೇಷಪ್ಪ! ಚಪ್ಪಾಳೆಯ ಸದ್ದಿಗೆ ಪಕ್ಕದ ತೋಟದ ನಾಯಿಗಳೂ ಬೊಗಳಿದವು. ಸಭೆ ಮುಗಿದ ಮೇಲೆ ಕೊಡೆಯವರು ನನ್ನ ಕೈ ಹಿಡಿದುಕೊಂಡು ಕೇಳಿದ್ದು ಎರಡೇ ಪ್ರಶ್ನೆ: ಶೇಷಪ್ಪ ಯಾರು, ಟಪ್ಪಾಲಿನವನು ಬದುಕಿದನೇ?

ಮುಂದಿನ ಭಾನುವಾರ ಅವರು ಮತ್ತೆ ಬರಲೇಬೇಕಾಯಿತು. ಅದರ ಮುಂದಿನ ಭಾನುವಾರವೂ. ಅತ್ತೆ ವಾರಕ್ಕೆ ಒಂದು ಗೇಣಿನಂತೆ ನೀರು ಏರಿಸಿದರು. ನಾಲ್ಕನೆಯ ವಾರ ವಿರಾಜಪೇಟೆಯಿಂದ ಜನ ಬಸ್ಸು ಮಾಡಿಕೊಂಡು ಬಂದರು. ಏಣಿಯವರು ಪಕ್ಕದಲ್ಲೇ ಸಭೆ ಮಾಡಿ ರಸ್ತೆ, ಆಸ್ಪತ್ರೆ, ಶಾಲೆ ಎಲ್ಲವನ್ನೂ ಕೊಟ್ಟರು. ತೆಗೆದುಕೊಳ್ಳಲು ಯಾರೂ ಇರಲಿಲ್ಲ. ಕೊಡೆಯವರು ಗೆದ್ದರು. ಗೆದ್ದ ಮೇಲೆ ಅವರಿಗೆ ನೆಮ್ಮದಿ ಇರಲಿಲ್ಲ. ಸಂತೆಗೆ ಹೋದರೆ, ಮದುವೆಗೆ ಹೋದರೆ, ಕ್ಷೌರಕ್ಕೆ ಕೂತರೆ ಒಂದೇ ಪ್ರಶ್ನೆ: ಟಪ್ಪಾಲಿನವನು ಏನಾದ? ಪಾಲವಾಗದೆ ಅತ್ತೆ ಹೇಳುವುದಿಲ್ಲ. ಮಳೆ ಹಿಡಿಯುವ ಮೊದಲೇ, ಒಳ್ಳೆಯ ಹೊನ್ನೆ ದಿಮ್ಮಿಯ ಪಾಲ ನಮ್ಮ ತೋಡಿನ ಮೇಲೆ ಎದ್ದು ನಿಂತಿತು. ಸರ್ಕಾರದ ಕೆಲಸ ಮೂರು ತಿಂಗಳಲ್ಲಿ ಮುಗಿದದ್ದನ್ನು ಈ ಕಣ್ಣುಗಳು ಕಂಡಿವೆ. ಒಂದು ಕತೆಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದಕ್ಕೆ ಇಷ್ಟು ಬಲವಿದೆಯೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪಾಲ ತೆರೆಯುವ ದಿನ ಎಮ್ಮೆಲ್ಲೆಯವರು ಕೊನೆಯ ಕಂತು ಓದಿದರು. ಟಪ್ಪಾಲಿನವನು ದಾಟಿದ. ಕಾಗದ ಒಡೆದು ನೋಡಿದರೆ, ಸುಳ್ಯದ ಚಿಕ್ಕಮ್ಮನ ಎಮ್ಮೆ ಕರು ಹಾಕಿತ್ತು. ಜನ ಬಿದ್ದು ಬಿದ್ದು ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ನಿಜವಾಗಿಯೂ ಎಮ್ಮೆಯ ಸುದ್ದಿಯೇ ಎಂದು ಅತ್ತೆಯನ್ನು ಆಮೇಲೆ ಕೇಳಿದೆ. ಅವರು ಬೇರೆ ಕಡೆ ನೋಡಿ, “ಜನಕ್ಕೆ ಅಷ್ಟ್ ಸಾಕ್,” ಎಂದರು.

ಆ ಕಕ್ಕಡದಲ್ಲಿ ತೋಡು ಕೆಂಪಗೆ ಉಕ್ಕಿತು, ಪಾಲ ಅಲುಗಲಿಲ್ಲ, ಪತ್ರಿಕೆ ಒದ್ದೆಯಾಗದೆ ಜಗಲಿಗೆ ಬಂತು. ಹೆಮ್ಮೆಯಿಂದ ಓದಿದೆ. ಮಂದಾಕಿನಿ ಮಗುವನ್ನು ಎತ್ತಿಕೊಂಡು ರೈಲು ಹತ್ತಿದಳು. ಕೆಳಗೆ ‘ಮುಗಿಯಿತು’ ಎಂದಿತ್ತು. ಮಗು ಯಾರದೆಂದು ಆ ಪುಣ್ಯಾತ್ಮ ಮತ್ತೆ ಬರೆದಿರಲಿಲ್ಲ.

“ಶೇಷಪ್ಪನ ಹೆಸರ್ ಎಲ್ಲಿ ಉಟ್ಟು?” ಎಂದರು ಅತ್ತೆ.

ಹೆಸರಿಲ್ಲ ಎಂದೆ.

“ಹಂಗಾರೆ ಇದ್ ಬೇರೆ ಯಾರೋ ಬರ್ದದ್ದ್. ಶೇಷಪ್ಪಂಗೆ ಕಾಗದ ಹಾಕಿ. ಆ ಏಳು ವಾರದ್ದೂ ಅಂವನೇ ಬರ್ದ್ ಕಳ್ಸೊಕು.”

ಇಷ್ಟು ಮಾಡಿದ ಅತ್ತೆಗೆ ಇದೊಂದು ಇಲ್ಲವೆನ್ನಲು ನನ್ನಿಂದಾಗಲಿಲ್ಲ. ಕಕ್ಕಡವೆಲ್ಲ ಕೂತು, ಹಳೆಯ ಹಾಜರಿ ಹಾಳೆಗಳ ಬೆನ್ನ ಮೇಲೆ ಆ ಏಳು ವಾರಗಳನ್ನು ಬರೆದೆ. ಈ ಸಲ ಯಾರನ್ನೂ ಕರೆದ ಕೂಡಲೇ ಬರಗೊಡಲಿಲ್ಲ. ಕಾಯಿಸಿದೆ, ಅಳಿಸಿದೆ, ನೀರು ಏರಿಸಿದೆ, ಮಗುವಿನ ತಂದೆಯನ್ನು ಏಳನೆಯ ವಾರದ ಕೊನೆಯ ಸಾಲಿನಲ್ಲಿ ತಂದು ನಿಲ್ಲಿಸಿದೆ. ಮರೆಯದೆ ಕೆಳಗೆ ‘ಸಶೇಷ’ ಎಂದು ಬರೆದು, ಶೇಷಪ್ಪನಿಂದ ಬಂತು ಎಂದು ಹೇಳಿ, ರಾಗ ಎಳೆದು ಓದಿದೆ. ಜಗಲಿ ತುಂಬ ಜನ. ಪಾತುಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. ನನ್ನ ಹೆಂಡತಿಯೂ ಅತ್ತಳು. ಅತ್ತೆ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಎಲ್ಲರೂ ಎದ್ದು ಹೋದ ಮೇಲೆ ಎಲೆಯಡಿಕೆ ಚೀಲ ಬಿಗಿದುಕೊಂಡು ಮೆಲ್ಲಗೆ ಎದ್ದರು, ನನ್ನ ಹತ್ತಿರ ಬಂದು ನಿಂತರು.

“ಶೇಷಪ್ಪಂಗೆ ಹೇಳಿ,” ಎಂದರು. “ಹಾಜರಿ ಸರಿ ಉಟ್ಟು.”