ಒಂದು ಸುತ್ತಿನ ಆಕಾಶ

ಕುತ್ತಿಗೆಗೆ ಕತ್ತಿ ಹಿಡಿದು ಕೇಳಿದರೆ ಎಂಥವನೂ ನಿಜ ಹೇಳಿಬಿಡುತ್ತಾನೆ. ಕ್ಷೌರದಂಗಡಿಯವನು ಕೇಳಿದ್ದು ಹಾಗೆಯೇ.

"ಏನು ಟೈಲರಣ್ಣ, ಅಂಗಡಿ ಬಾಗಿಲು ಹಾಕಿಕೊಂಡು ಶೇವಿಂಗಿಗೆ ಬಂದಿದೀರಿ? ಎರಡನೇ ಮದುವೆ ಏನಾದ್ರೂ ಕುದುರಿತಾ?"

ಟೈಲರ್ ತಲೆ ಅಲ್ಲಾಡಿಸುವಂತಿರಲಿಲ್ಲ. ಸುಮ್ಮನಿದ್ದರೆ ಮಧ್ಯಾಹ್ನದೊಳಗೆ ಬೀದಿಯವರು ಅವನಿಗೆ ಹೆಣ್ಣನ್ನೂ ಗೊತ್ತುಮಾಡಿ ಮುಗಿಸುತ್ತಿದ್ದರು. ಹೆಂಡತಿ ತೀರಿಕೊಂಡು ವರ್ಷವಾಗಿತ್ತಷ್ಟೆ. ಆ ಮಾತು ಅವನಿಗೆ ಕತ್ತಿಗಿಂತ ಹೆಚ್ಚು ತಾಗಿತು.

"ಮದುವೆ ಅಲ್ಲ ಮಾರಾಯ," ಎಂದ ತುಟಿ ಅಲುಗಿಸದೆ. "ಇವತ್ತು ನಾನೊಬ್ಬನೇ ವಿಮಾನ ಹಾರಿಸ್ತೀನಿ. ನಮ್ಮ ಬೀದಿ ಮೇಲೇ ಹಾದುಹೋಗೋದು. ಗುರುತಿಗೆ ಅಂತ ತಾರಸಿ ಮೇಲೆ ಕೆಂಪು ಹೊದಿಕೆ ಹರಡಿ ಬಂದಿದೀನಿ. ಯಾರಿಗೂ ಹೇಳಬೇಡ."

ಯಾರಿಗೂ ಹೇಳಬೇಡ ಎಂದು ಕ್ಷೌರದವನಿಗೆ ಹೇಳುವುದೂ ಊರಿಗೆಲ್ಲ ಡಂಗುರ ಹೊಡೆಸುವುದೂ ಒಂದೇ. ಟೈಲರ್‌ಗೆ ಅದು ಗೊತ್ತಿತ್ತು. ಆದರೆ ಕತ್ತಿ ಇನ್ನೂ ಕುತ್ತಿಗೆಯ ಮೇಲಿತ್ತು.

ವಿಮಾನದ ಹುಚ್ಚು ನಿಜಕ್ಕೂ ಹಿಡಿದದ್ದು ಅವನ ಹೆಂಡತಿಗೆ. ಅಂಗಡಿಯ ಮೇಲಿನ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ತರಬೇತಿ ಶಾಲೆಯ ಪುಟ್ಟ ವಿಮಾನಗಳು ತಲೆಯ ಮೇಲೆ ಹಾದುಹೋಗುತ್ತಿದ್ದವು. "ಮೇಲಿಂದ ನಮ್ಮನೆ ಹೇಗೆ ಕಾಣ್ತದೋ, ಒಮ್ಮೆ ಹೋಗಿ ನೋಡಿಕೊಂಡು ಬಂದು ಹೇಳಿ. ನಾನಂತೂ ಹತ್ತಲ್ಲಪ್ಪ. ಈ ಕೆಂಪು ಹೊದಿಕೆ ಹಾಸಿ ಪಕ್ಕದಲ್ಲೇ ನಿಂತು ಕೈ ಬೀಸ್ತೀನಿ," ಎನ್ನುತ್ತಿದ್ದಳು. ತಮಾಷೆಗೆ ಹುಟ್ಟಿದ ಮಾತು, ಆಡುತ್ತ ಆಡುತ್ತ ಗಟ್ಟಿಯಾಯಿತು.

ಆದರೆ ಆಕಾಶಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಟೈಲರ್ ಕೈಯಲ್ಲಿದ್ದದ್ದು ಕತ್ತರಿ ಮಾತ್ರ. ಕೊನೆಗೆ ಶಾಲೆಯವರೊಡನೆ ಒಂದು ಒಪ್ಪಂದವಾಯಿತು: ಇವನು ಅವರ ಯೂನಿಫಾರಂ ಹೊಲಿಯಬೇಕು, ಅವರು ಇವನಿಗೆ ಹಾರಲು ಕಲಿಸಬೇಕು. ಬೇರೆಯವರ ಭುಜಕ್ಕೆ ಪಟ್ಟಿ ಹೊಲಿದು ಹೊಲಿದು ಅವನು ನಿಮಿಷ ನಿಮಿಷವಾಗಿ ಆಕಾಶ ಗಳಿಸಿದ. ಒಂದು ಪಾಠಕ್ಕೆ ಸಾಲುವಷ್ಟು ಪ್ಯಾಂಟು ಹೊಲಿಯುವಷ್ಟರಲ್ಲಿ ಹಿಂದಿನ ಪಾಠ ಮರೆತುಹೋಗಿರುತ್ತಿತ್ತು. ತರಬೇತುದಾರ ಹಳೆಯದನ್ನೇ ಮತ್ತೆ ಹೇಳಿಕೊಡಬೇಕು, ಅದಕ್ಕೆ ಮತ್ತೆ ಪ್ಯಾಂಟು ಹೊಲಿಯಬೇಕು. ಹೀಗಾಗಿ ಬಡವನಿಗೆ ಬಿದ್ದ ಖರ್ಚು ಸಾಹುಕಾರನಿಗಿಂತ ಹೆಚ್ಚಾಯಿತು. ಮರೆಯಬಾರದೆಂದು ಹೊಲಿಗೆ ಯಂತ್ರದ ಪೆಡಲನ್ನೇ ವಿಮಾನದ ಪೆಡಲೆಂದು ಭಾವಿಸಿ ಅಭ್ಯಾಸ ಮಾಡುತ್ತಿದ್ದ. ಆ ದಿನಗಳಲ್ಲಿ ಹೊಲಿದ ಅಂಗಿಗಳ ತೋಳು ಸ್ವಲ್ಪ ಎಡಕ್ಕೆ ವಾಲುತ್ತಿತ್ತು.

ಅವನು ಒಬ್ಬನೇ ಹಾರುವ ಮಟ್ಟಕ್ಕೆ ಬರುವ ಮೊದಲೇ ಅವಳು ಹೊರಟುಹೋದಳು.

"ಅಮ್ಮನೇ ಇಲ್ಲ. ಇನ್ನು ನೋಡಿ ಬಂದು ಯಾರಿಗೆ ಹೇಳ್ತೀಯ?" ಎಂದು ಕೇಳಿದ್ದಳು ಅಂಗಡಿಯಲ್ಲಿ ಗುಂಡಿ, ಕಾಜಾ ನೋಡಿಕೊಳ್ಳುವ ಮಗಳು.

"ನಿನಗೇ ಹೇಳ್ತೀನಿ," ಎಂದಿದ್ದ. ಅವಳು ದಾರ ಹಲ್ಲಿನಿಂದ ಕಡಿದಿದ್ದಳು. ತಾಯಿ ಹೋದ ಮೇಲೆ ಅವಳ ಮಾತು ಅಷ್ಟಕ್ಕಷ್ಟೇ ಆಗಿತ್ತು.

ಒಂದು ವಿಷಯವನ್ನು ಮಾತ್ರ ಅವನು ಮಗಳಿಗೂ ಹೇಳಿರಲಿಲ್ಲ. ಶಾಲೆಯವರು ಇನ್ನು ಮುಂದೆ ರೆಡಿಮೇಡ್ ಯೂನಿಫಾರಂ ತರಿಸುತ್ತಾರಂತೆ. ಹೊಲಿಗೆಯೂ ಮುಗಿಯಿತು, ಹಾರಾಟವೂ ಮುಗಿಯಿತು. ಅವನ ಲೆಕ್ಕದಲ್ಲಿ ಉಳಿದಿದ್ದದ್ದು ಒಂದೇ ಒಂದು ಸುತ್ತು. ಇವತ್ತು ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ.

ಮುಖ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಬೀದಿಯೇ ಎದ್ದು ನಿಂತಿತ್ತು. ಎದುರುಮನೆಯ ನರ್ಸಮ್ಮ ಅವನನ್ನು ಜಗಲಿಗೆ ಕೂರಿಸಿ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು.

"ಇಷ್ಟು ಬಿಪಿ ಇಟ್ಕೊಂಡು ಮೇಲಕ್ಕೆ ಹೋದ್ರೆ ಮೇಲೇ ಉಳಿದುಬಿಡ್ತೀರಿ," ಎಂದರು.

"ನೀವು ಪಟ್ಟಿ ಸುತ್ತೋವರೆಗೆ ಸರಿಯಾಗಿತ್ತಮ್ಮ," ಎಂದ ಟೈಲರ್.

ನಿವೃತ್ತ ಮೇಷ್ಟರು ಗಾಳಿಯ ಒತ್ತಡದ ಬಗ್ಗೆ ಒಂದು ಪಾಠ ಶುರುಮಾಡಿದರು. ಬೇಕರಿಯವನು, "ನಡೆದು ಹೋಗೋದಾ ಪೈಲಟ್ಟು? ಹತ್ತಿ," ಎಂದು ಸ್ಕೂಟರ್ ತಂದು ನಿಲ್ಲಿಸಿದ. ಹತ್ತಿದ ಮೇಲೆ ಗೊತ್ತಾಯಿತು, ಅದು ಬ್ರೆಡ್ ಹಂಚಲು ಹೊರಟ ಸ್ಕೂಟರ್ ಎಂದು. "ದಾರಿಯಲ್ಲೇ ಇದೆ, ದಾರಿಯಲ್ಲೇ ಇದೆ," ಎನ್ನುತ್ತ ಅವನು ಅಂಗಡಿ ಅಂಗಡಿಗೂ ಇಳಿದು ಬ್ರೆಡ್ ಕೊಟ್ಟ. ಟೈಲರ್ ಬ್ರೆಡ್ಡಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮೈದಾನ ಮುಟ್ಟುವಾಗ ತರಬೇತುದಾರ ಗಡಿಯಾರ ನೋಡುತ್ತ ನಿಂತಿದ್ದ.

"ಬೇರೆಯವರು ಮೊದಲ ಸಲ ಮೂರು ಸುತ್ತು ಹಾಕ್ತಾರೆ. ನಿಮ್ಮ ಲೆಕ್ಕದಲ್ಲಿ ಒಂದೇ ಇದೆ. ಹೋಗಿ, ಸುತ್ತಿ, ಇಳೀರಿ. ಕೆಳಗೆ ನೋಡ್ತಾ ಕೂರಬೇಡಿ," ಎಂದ.

ಕೆಳಗೆ ನೋಡುವುದಕ್ಕೇ ಅಷ್ಟು ವರ್ಷ ಪ್ಯಾಂಟು ಹೊಲಿದವನು, "ಆಯ್ತು ಸಾರ್," ಎಂದ.

ವಿಮಾನ ನೆಲ ಬಿಟ್ಟಿತು. ಪಕ್ಕದ ಸೀಟು ಖಾಲಿಯಾಗಿತ್ತು. ಯಾರಿಗಾದರೂ ಅದು ತರಬೇತುದಾರನ ಸೀಟು. ಟೈಲರ್‌ಗೆ ಮಾತ್ರ ಹಾಗೆ ಕಾಣಲಿಲ್ಲ. ಎಡಕ್ಕೆ ತಿರುಗಿಸಿ, ಇನ್ನೊಮ್ಮೆ ತಿರುಗಿಸಿ, ತನ್ನ ಬೀದಿಯ ಮೇಲೆ ಬಂದ. ಕೆಂಪು ಹೊದಿಕೆಗಾಗಿ ಬಗ್ಗಿ ನೋಡಿದ.

ಒಂದು ಕೆಂಪು ಕಂಡಿತು. ಅದರ ಪಕ್ಕದ ತಾರಸಿಯಲ್ಲೂ ಒಂದು ಕೆಂಪು. ಅದರ ಆಚೆಗೂ ಕೆಂಪು. ಬೆಡ್‌ಶೀಟು, ಪರದೆ, ಮೇಜಿನ ಬಟ್ಟೆ, ಯಾರದೋ ಕೆಂಪು ಲಂಗ. ಕ್ಷೌರದವನು ರೂಢಿ ತಪ್ಪಿಸಿರಲಿಲ್ಲ, ಮನೆಮನೆಗೂ ಹೇಳಿದ್ದ. ಬೀದಿ ಪೂರ್ತಿ ಮೆಣಸಿನಕಾಯಿ ಒಣಹಾಕಿದ ಕಣದಂತಿತ್ತು. ಇದಾ? ಅಲ್ಲ, ಅದಾ? ಹುಟ್ಟಿದಾಗಿನಿಂದ ಕೆಳಗಿಂದ ನೋಡಿದ ಬೀದಿ ಮೇಲಿಂದ ಪರರ ಬೀದಿಯಾಗಿತ್ತು. ನಡುವೆ ಒಂದೇ ಒಂದು ತಾರಸಿ ಬೋಳಾಗಿತ್ತು. ಅದರ ಮೇಲೆ ಯಾರೋ ಎರಡು ಕೈಯೆತ್ತಿ ಕಾಗೆ ಓಡಿಸುತ್ತಿದ್ದರು. ಟೈಲರ್ ಅದರ ಮೇಲಿಂದ ಕಣ್ಣು ತೆಗೆದು ಮತ್ತೆ ಕೆಂಪಿನ ಮೇಲೆ ಇಟ್ಟ. ರೇಡಿಯೋದಲ್ಲಿ, "ಮೂಗು ಮೇಲೆತ್ತಿ, ಎಲ್ಲಿ ನೋಡ್ತಾ ಇದೀರಿ?" ಎಂಬ ಕೂಗು ಬಂತು. ಬೀದಿ ಹಿಂದಕ್ಕೆ ಸರಿದುಹೋಯಿತು.

ಇಳಿದ ಮೇಲೆ ತರಬೇತುದಾರ ಬೆನ್ನು ತಟ್ಟಿ ಕತ್ತರಿ ತೆಗೆದ. ಮೊದಲ ಸಲ ಒಬ್ಬನೇ ಹಾರಿದವನ ಅಂಗಿಯ ಬೆನ್ನು ಕತ್ತರಿಸುವುದು ಅಲ್ಲಿಯ ಪದ್ಧತಿ.

"ಕತ್ತರಿ ಹಾಗೆ ಹಿಡಿಯಬಾರದು ಸಾರ್, ಬಟ್ಟೆ ಎಳೆಯುತ್ತೆ," ಎಂದ ಟೈಲರ್. ಅವನ ಕಣ್ಣಲ್ಲಿ ನೀರಿತ್ತು. ಸಂತೋಷಕ್ಕೆ ಎಂದುಕೊಂಡ ತರಬೇತುದಾರ ಇನ್ನಷ್ಟು ಸೊಟ್ಟಗೆ ಕತ್ತರಿಸಿದ.

ಬೀದಿಯ ತುದಿಯಲ್ಲಿ ಎಲ್ಲರೂ ಕಾಯುತ್ತಿದ್ದರು. "ನಮ್ಮದು ಕಾಣ್ತಾ?" ಎಂದರು ನರ್ಸಮ್ಮ. ಕಾಣ್ತು ಎಂದ. "ನಮ್ಮದು?" ಎಂದ ಬೇಕರಿಯವನು. ಅದೂ ಕಾಣ್ತು ಎಂದ. ಪ್ರೀತಿಯಿಂದ ಮಾಡಿದವರನ್ನು ಬೈಯುವುದು ಹೇಗೆ? ಒಳಗಿನ ದುಃಖಕ್ಕೆ ದಾರಿ ಬೇಕಿತ್ತು. ಅದು ಬೇರೆ ಕಡೆಯಿಂದ ಹೊರಟಿತು.

"ಒಂದು ಮನೆಯವರು ಮಾತ್ರ ಏನೂ ಹಾಕಿರಲಿಲ್ಲ. ಬೋಳು ತಾರಸಿ. ಯಾರೋ ಹೊಟ್ಟೆಕಿಚ್ಚಿನವರು," ಎಂದ.

"ಯಾರದು? ನಾನು ಎಲ್ಲರಿಗೂ ಹೇಳಿದ್ದೆನಲ್ಲ," ಎಂದು ಕ್ಷೌರದವನು ತೋಳೇರಿಸಿದ. ಮೇಷ್ಟರು ಕೋಲಿನಿಂದ ನೆಲದ ಮೇಲೆ ಬೀದಿ ಬರೆದರು. "ಕೆರೆ ಕಡೆಯಿಂದ ಬಂದ್ರಿ ತಾನೆ? ಬೇಕರಿ ಚಿಮಣಿ ದಾಟಿದ ಮೇಲೆ ಎಷ್ಟನೇದು?"

"ಮೂರನೇದಿರಬೇಕು."

ಮೆರವಣಿಗೆ ಹೊರಟಿತು. ಮುಂದೆ ಮೇಷ್ಟರ ಕೋಲು, ಹಿಂದೆ ಬೆನ್ನಿಲ್ಲದ ಅಂಗಿಯ ಪೈಲಟ್. ಚಿಮಣಿ ದಾಟಿತು, ಒಂದಾಯಿತು, ಎರಡಾಯಿತು. ಮೂರನೆಯ ಬಾಗಿಲಲ್ಲಿ ಮೇಷ್ಟರು ನಿಂತು, ಬೋರ್ಡು ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಅದು ಟೈಲರ್ ಅಂಗಡಿ.

ಮೆಟ್ಟಿಲಿಳಿದು ಬರುತ್ತಿದ್ದ ಮಗಳ ಕೈಯಲ್ಲಿ ಮಡಿಸಿದ ಕೆಂಪು ಹೊದಿಕೆಯಿತ್ತು. ಬಿಸಿಲಿಗೆ ಮುಖ ಕೆಂಪಾಗಿತ್ತು. ಎಷ್ಟೋ ತಿಂಗಳ ಮೇಲೆ ಅವಳು ನಗುತ್ತಿದ್ದಳು.

"ಎಲ್ಲರೂ ಕೆಂಪು ಹಾಕಿಬಿಟ್ರಪ್ಪ. ನಿನಗೆ ನಮ್ಮದು ಗುರುತು ಸಿಗಲ್ಲ ಅಂತ ನಾನು ತೆಗೆದುಬಿಟ್ಟೆ. ಅಮ್ಮ ಹೇಳ್ತಿದ್ಲಲ್ಲ, ಹಾಗೇ ಎರಡೂ ಕೈ ಬೀಸ್ತಾ ನಿಂತಿದ್ದೆ. ಕಾಣ್ತಾ?"

ಮೇಷ್ಟರು ಕೋಲು ಕೆಳಗಿಳಿಸಿದರು. ಕ್ಷೌರದವನಿಗೆ ಅಂಗಡಿಯಲ್ಲಿ ಏನೋ ಕೆಲಸ ನೆನಪಾಯಿತು.

"ಕಾಣ್ತು ಮಗಳೇ," ಎಂದ ಟೈಲರ್. "ನೀನು ಕೈ ಬೀಸೋದೂ ಕಾಣ್ತು."

ಇಳಿದು ಬಂದ ಮೇಲೆ ಎಲ್ಲರಿಗೂ ಕಾಣ್ತು ಎಂದಿದ್ದರಲ್ಲಿ ನಿಜವಾದದ್ದು ಅದೊಂದೇ.

"ಹೇಗಿತ್ತು ನಮ್ಮನೆ? ಕೂತು ನಿಧಾನವಾಗಿ ಹೇಳು," ಎಂದಳು. ಆಮೇಲೆ ಹೊದಿಕೆಯನ್ನು ಎದೆಗೆ ಒತ್ತಿಕೊಂಡು, "ಮುಂದಿನ ಸಲ ಯಾರಿಗೂ ಹೇಳೋದು ಬೇಡ. ನಾವೊಬ್ಬರೇ ಇದನ್ನ ಹಾಕೋಣ," ಎಂದಳು.

ಟೈಲರ್ ಹೂಂ ಎಂದ.