ನೆಟ್ಟಿಗೆ ಓಡುವ ಮಾವ

ನಮ್ಮ ಸೋದರಮಾವ ಟೆನಿಸ್ ಆಡುವುದು ಗೆಲ್ಲುವುದಕ್ಕಲ್ಲ, ನೆಟ್ಟಿಗೆ ಓಡುವುದಕ್ಕೆ! ಗಡಹಿಂಗ್ಲಜದ ಬೆಲ್ಲದ ವ್ಯಾಪಾರಿ. ಕಾಲೇಜಿನ ದಿನಗಳಿಂದ ಅವರದು ಒಂದೇ ಆಟ: ಸರ್ವ್ ಮಾಡು, ಮುಂದೆ ಓಡು, ಗಾಳಿಯಲ್ಲೇ ಹೊಡೆ. ಮರದ ರ‍್ಯಾಕೆಟ್ಟಿನ ಕಾಲದಲ್ಲಿ ದೊಡ್ಡ ದೊಡ್ಡ ಆಟಗಾರರೂ ಹಾಗೆಯೇ ಆಡುತ್ತಿದ್ದರಂತೆ. ಆಮೇಲೆ ರ‍್ಯಾಕೆಟ್ಟು ಹಗುರಾಯಿತು, ಹೊಡೆತ ಬಿರುಸಾಯಿತು, ಜಗತ್ತೇ ಹಿಂದಿನ ಗೆರೆಗೆ ಸರಿಯಿತು. ಮಾವ ಸರಿಯಲಿಲ್ಲ.

ಟಿವಿಯಲ್ಲಿ ಈಗಿನವರ ಆಟ ಹಚ್ಚಿದರೆ ಸಾಕು, ಶುರು.

“ಇಬ್ಬರೂ ಹಿಂದ ನಿಂತು ಅರಿವಿ ಒಗ್ಯಾಕತ್ತಾರೇನೋ? ಒಬ್ಬಾಂವರ ಮುಂದ ಬರಬಾರದ?”

“ಮುಂದ ಬಂದ್ರ ಚೆಂಡ ಮಗ್ಗಲದಾಗಿಂದ ಹೋಗತೈತ್ರಿ ಮಾಮಾ.”

“ಹೋಗಲಿ! ಮರ್ಯಾದಿ ಉಳೀತೈತಲ್ಲ!”

ನಾನೋ ಈಗಿನ ಕಾಲದವನು. ಇಚಲಕರಂಜಿಯ ನನ್ನ ನೂಲಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲ್ ನೋಡಿ ಆಟ ಕಲಿತವನು. ಹಿಂದೆ ನಿಲ್ಲುತ್ತೇನೆ, ಎರಡೂ ಕೈಯಿಂದ ಬೀಸುತ್ತೇನೆ, ಹೊಡೆತಕ್ಕೊಮ್ಮೆ ‘ಹಾಂ!’ ಎಂದು ನರಳುತ್ತೇನೆ. ಎಲ್ಲವೂ ದೊಡ್ಡ ಆಟಗಾರರ ಹಾಗೆಯೇ. ಗೆರೆಯೊಳಗೆ ಚೆಂಡು ಬೀಳುವುದೊಂದು ಬಾಕಿ!

ಇತ್ತೀಚೆಗೆ ಕೊಲ್ಹಾಪುರದಲ್ಲಿ ಜೋಡಿ ಪಂದ್ಯವಿತ್ತು. ನನ್ನ ಜೊತೆಗಾರನಿಗೆ ಸೊಂಟ ಹಿಡಿಯಿತು. ಸುದ್ದಿ ತಿಳಿದು ಮಾವ ತಾವಾಗಿಯೇ ಫೋನ್ ಮಾಡಿದರು: “ನಾ ಬರತೇನಿ. ಒಮ್ಮಿ ಕೂಡಿ ಆಡೂಣು.” ಬೇಡವೆನ್ನಲು ನನಗೆಲ್ಲಿಯ ಧೈರ್ಯ?

ಎದುರಿಗೆ ಇಬ್ಬರು ಕಾಲೇಜಿನವರು. ಮಾವ ನೆಟ್ಟಿಗೆ ಓಡಿದಾಗಲೆಲ್ಲ ಆ ಹುಡುಗರು ಮಾವನ ತಲೆಯ ಮೇಲಿಂದ ಚೆಂಡು ಎತ್ತಿ ಹಾಕಿದರು. “ನಿಂದು!” ಎಂದು ಮಾವ ಕೂಗುವರು. ಅದು ನನ್ನನ್ನೂ ದಾಟಿ ಹೋಗುವುದು. ನಾನು ಎಷ್ಟು ಹಿಂದೆ ನಿಂತಿದ್ದೆನೆಂದರೆ ಅಂಪೈರ್ ಕೇಳಿಯೇಬಿಟ್ಟ: “ಭಾವು, ಖೇಳಾಯಲಾ ಆಲಾಯ್ ಕೀ ಬಘಾಯಲಾ?” ಆಡಲು ಬಂದಿದ್ದೀಯೋ, ನೋಡಲು ಬಂದಿದ್ದೀಯೋ! ಆ ಸಿಟ್ಟಿಗೆ ಮೈಯೆಲ್ಲ ಕೂಡಿಸಿ ಒಂದು ಬಾರಿಸಿದೆ. ನೇರ ಮಾವನ ಬೆನ್ನಿಗೆ!

“ಶಾಬಾಸ್!” ಎಂದರು ಬೆನ್ನು ಸವರಿಕೊಳ್ಳುತ್ತ. “ಇದೊಂದು ಗೆರಿಯೊಳಗ ಇತ್ತ ನೋಡು.”

ಸೋತೆವು. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ, “ನನ್ನ ಆಟ ನೋಡಿ ನಗು ಬಂದಿರಬೇಕಲ್ರಿ ಮಾಮಾ?” ಎಂದೆ.

“ಇಲ್ಲೋ. ನಿನ್ನಂಗ ಹಿಂದ ನಿಂತು ಆಡೂದು ಕಲೀಬೇಕಂತ ನನಗೂ ಆಸೆ ಐತಿ. ಯಾರೂ ಇಲ್ಲದಾಗ ಗ್ವಾಡಿಗೆ ಹೊಡದ ನೋಡೇನಿ.” ಚಹಾದ ಕಪ್ಪನ್ನು ಕೆಳಗಿಟ್ಟರು. “ಈಗ ದೂರದ ಚೆಂಡ ಕಾಣವಲ್ದು.”

“ಡಾಕ್ಟರಿಗೆ ತೋರಸ್ರಿ.”

“ತೋರಿಸೇನಿ. ನೋಟ ಇನ್ನೂ ಕಡಿಮಿ ಆಗತೈತಿ ಅಂದಾರ. ಅದಕ್ಕ ನಿನ್ನ ಕೂಡ ಒಂದ್ ಮ್ಯಾಚ್ ಆಡಿಬಿಡಬೇಕಂತ ಬಂದೆ.”

ನನ್ನ ಕೈಯಲ್ಲಿನ ಚಹಾ ಆರಿತು.

ಈಗ ರವಿವಾರ ಬೆಳಿಗ್ಗೆ ಗಡಹಿಂಗ್ಲಜಕ್ಕೆ ಹೋಗುತ್ತೇನೆ. ಮಾವನನ್ನು ಹಿಂದಿನ ಗೆರೆಯ ಮೇಲೆ ನಿಲ್ಲಿಸಿ, ಹತ್ತಿರದಿಂದಲೇ ಒಂದೊಂದು ಚೆಂಡು ಮೆಲ್ಲಗೆ ಎಸೆಯುತ್ತೇನೆ. ಅವರು ಎರಡೂ ಕೈಯಿಂದ ಬೀಸುತ್ತಾರೆ. ಮೊನ್ನೆ ಒಂದು ಸೊಗಸಾಗಿ ತಿರುಗಿ ನೆಟ್ಟು ದಾಟಿತು.

“ಎಲ್ಲಿ ಬಿತ್ತೋ?”

“ಆ ಮೂಲ್ಯಾಗ್ರಿ ಮಾಮಾ, ಗೆರಿ ಮ್ಯಾಲ!”

“ಸುಳ್ಳ ಹೇಳಬ್ಯಾಡ.”

ಕೈಹಿಡಿದು ಕರೆದುಕೊಂಡು ಹೋದೆ. ಮಾವ ಅಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಮಣ್ಣಿನ ಮೇಲೆ ಚೆಂಡು ಮೂಡಿಸಿದ ಗುರುತನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು.